ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

ಸ್ವಂತ ಸೆಕ್ಯುರಿಟಿ ಏಜೆನ್ಸಿ ತೆರೆಯುವ ಮೊದಲು ನಾನು ಏಳು ವರ್ಷ ಹುಬ್ಬಳ್ಳಿಯ ಇನ್ನೊಂದು ಏಜೆನ್ಸಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ತಿಂಗಳ ಕೊನೆಗೆ ಹಾಜರಿ ಪುಸ್ತಕ ನೋಡಿ ಕಾವಲುಗಾರರ ಪಗಾರ ಲೆಕ್ಕ ಹಾಕುವುದು, ಗಿರಾಕಿಗಳಿಗೆ ಬಿಲ್ಲು ಕಳಿಸುವುದು ನನ್ನ ಪಾಲಿನ ಕೆಲಸ. 2017ರ ಬೇಸಿಗೆಯ ಒಂದು ರಾತ್ರಿ, ನಾವು ಕಾವಲು ಕೊಟ್ಟಿದ್ದ ಊರಹೊರಗಿನ ಹತ್ತಿ ಗೋದಾಮಿನಲ್ಲಿ ಬೆಂಕಿ ಕಾಣಿಸಿಕೊಂಡಿತು. ಅಲ್ಲಿ ಕಾವಲಿಗಿದ್ದವರು ಅರವತ್ತೇಳು ವಯಸ್ಸಿನ ಅಜ್ಜ. ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರ್ ಇಳಿಸಿ, ಅದರ ಹಿಡಿಕೆಯನ್ನು ಬಲವಾಗಿ ಒತ್ತಿದರೂ ಪುಡಿ ಹೊರಬರಲಿಲ್ಲ. ಹಿಡಿಕೆಯ ಕೆಳಗಿನ ಪಿನ್ನನ್ನು ಮೊದಲು ಎಳೆದು ತೆಗೆಯಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಿಲಿಂಡರನ್ನು ನೆಲಕ್ಕೆ ಕುಕ್ಕಿ ನೋಡಿ, ಕೊನೆಗೆ ಹೊತ್ತಿಕೊಂಡಿದ್ದ ಅಂಡಿಗೆಯನ್ನು ಕೈಯಿಂದಲೇ ಎಳೆದು ಹೊರಹಾಕಲು ಹೋಗಿ, ಎರಡೂ ಅಂಗೈ ಸುಟ್ಟುಕೊಂಡರು.

ಬೆಳಗಿನ ಜಾವ ಆಸ್ಪತ್ರೆಯಿಂದ ನನಗೆ ಫೋನ್ ಬಂತು. ಅಜ್ಜನ ಇಎಸ್‌ಐ (ನೌಕರರ ರಾಜ್ಯ ವಿಮೆ) ನಂಬರ್ ಬೇಕಾಗಿತ್ತು. ನಾನು ಕಚೇರಿಗೆ ಓಡಿ ಪುಸ್ತಕ ತೆರೆದೆ. ಆ ಗೋದಾಮಿನ ಸಾಲಿನಲ್ಲಿ ಇದ್ದದ್ದು ಎಂಟು ತಿಂಗಳ ಹಿಂದೆ ಕೆಲಸ ಬಿಟ್ಟು ಹೋದ ಬೇರೊಬ್ಬನ ಹೆಸರು. ವಯಸ್ಸು ಮೀರಿದ್ದ ಅಜ್ಜನ ಕಾಗದಪತ್ರ ಮಾಡಿಸುವ ಬದಲು ಹಳಬನ ಹೆಸರಿನಲ್ಲೇ ಹಾಜರಿ ಮುಂದುವರಿಸಲು ಮಾಲೀಕರು ಹೇಳಿದ್ದರು, ನಾನು ಬರೆದಿದ್ದೆ. ಎಂಟು ತಿಂಗಳು ನನ್ನ ಕೈಯಾರೆ ಬರೆದ ಆ ಹೆಸರನ್ನು ಅಂದು ಬೆಳಿಗ್ಗೆ ನೋಡಿದಾಗ ಆದ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಆ ಮನುಷ್ಯ ಪ್ರತಿ ರಾತ್ರಿ ಅಲ್ಲಿ ಎಚ್ಚರವಾಗಿದ್ದರು ಎಂಬುದಕ್ಕೆ ನಮ್ಮ ಕಡತಗಳಲ್ಲಿ ಒಂದು ಗುರುತೂ ಇರಲಿಲ್ಲ.

ಆಮೇಲೆ ನಾನು ಮಾಲೀಕರ ಬಳಿ ಲೈಸೆನ್ಸ್ ಕೇಳಿದೆ. ಅವರು ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದದ್ದು ಮಹಾನಗರ ಪಾಲಿಕೆ ಕೊಟ್ಟ ಟ್ರೇಡ್ ಲೈಸೆನ್ಸ್. ಅಂಗಡಿ, ಹೋಟೆಲು, ಗಿರಣಿ ಯಾವುದಕ್ಕಾದರೂ ಬೇಕಾಗುವ ಕಾಗದ ಅದು. ಕಾವಲುಗಾರರನ್ನು ಒದಗಿಸುವ ಉದ್ಯಮಕ್ಕೆ ಬೇಕಾದದ್ದು ಬೇರೆಯೇ ಪರವಾನಗಿ ಎಂಬುದು ಏಳು ವರ್ಷ ಅದೇ ಕೆಲಸ ಮಾಡಿದ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ, 2005 ಎಂಬ ಕೇಂದ್ರ ಕಾಯ್ದೆಯ 4ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರ ನೇಮಿಸಿದ ನಿಯಂತ್ರಣ ಪ್ರಾಧಿಕಾರದಿಂದ ಲೈಸೆನ್ಸ್ ಪಡೆಯದೆ ಯಾರೂ ಈ ಉದ್ಯಮ ನಡೆಸುವಂತಿಲ್ಲ. ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 25,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಮನೆಯವರೋ ಅಂಗಡಿಯವರೋ ತಮ್ಮ ಬಾಗಿಲಿಗೆ ತಾವೇ ಒಬ್ಬ ವಾಚ್‌ಮನ್ ಇಟ್ಟುಕೊಂಡರೆ ಈ ಕಾಯ್ದೆ ಅಡ್ಡ ಬರುವುದಿಲ್ಲ. ಇನ್ನೊಬ್ಬರ ಬಾಗಿಲಿಗೆ ಕಾವಲುಗಾರರನ್ನು ಕಳಿಸುವುದನ್ನೇ ಕಸುಬು ಮಾಡಿಕೊಂಡವರಿಗೆ ಅದು ಅನ್ವಯಿಸುತ್ತದೆ. ಅದೇ ಕಾಯ್ದೆಯ 15ನೇ ಕಲಮನ್ನು ನಾನು ಎರಡು ಬಾರಿ ಓದಿದೆ. ಪ್ರತಿ ಕಾವಲುಗಾರನ ಹೆಸರು, ವಿಳಾಸ, ಭಾವಚಿತ್ರ ಮತ್ತು ಸಂಬಳವನ್ನು ರಿಜಿಸ್ಟರಿನಲ್ಲಿ ದಾಖಲಿಸಬೇಕು ಎಂದು ಅದು ಹೇಳುತ್ತದೆ. ಭಾವಚಿತ್ರದ ಪಕ್ಕದಲ್ಲಿ ಇನ್ನೊಬ್ಬನ ಹೆಸರು ಬರೆಯಲು ಬರುವುದಿಲ್ಲ.

ನಾನು ಆ ಕೆಲಸ ಬಿಟ್ಟೆ. ನಮ್ಮ ಓಣಿಯಲ್ಲೇ ಇದ್ದ, ನವಲಗುಂದ ತಾಲ್ಲೂಕಿನವರಾದ, ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದ ಒಬ್ಬರೊಂದಿಗೆ ಮಾತಾಡಿದೆ. ನಾನು ಅವರನ್ನು ಕಾಕಾ ಎಂದೇ ಕರೆಯುವುದು. "ನೋಡವ್ವಾ, ಮಾಡೋದಿದ್ರ ಕಾಗದ ಪೂರ್ತಿ ಮಾಡ್ಕೊಂಡ ಮಾಡೋಣು. ಅರ್ಧಮರ್ಧ ಆಗೋದಿದ್ರ ನನ್ನ ಕರೀಬ್ಯಾಡ" ಎಂದರು. ಕಾಯ್ದೆಯ ದೃಷ್ಟಿಯಿಂದಲೂ ಅವರು ಜೊತೆಗಿರುವುದು ಅನುಕೂಲವಾಗಿತ್ತು. ಲೈಸೆನ್ಸ್ ಸಿಕ್ಕ 60 ದಿನಗಳೊಳಗೆ ಏಜೆನ್ಸಿ ಮೇಲ್ವಿಚಾರಕರನ್ನು ನೇಮಿಸಬೇಕು. ಸೈನ್ಯ, ಪೊಲೀಸ್ ಅಥವಾ ಗೃಹರಕ್ಷಕ ದಳದಲ್ಲಿ ಕನಿಷ್ಠ ಮೂರು ವರ್ಷ ಸೇವೆ ಸಲ್ಲಿಸಿದವರಿಗೆ ಆ ಹುದ್ದೆಯಲ್ಲಿ ಆದ್ಯತೆ ಇದೆ. ಹದಿನೈದು ಕಾವಲುಗಾರರಿಗೆ ಒಬ್ಬರಂತೆ ಮೇಲ್ವಿಚಾರಕರು ಇರಬೇಕೆಂಬುದು ನಿಯಮ.

2018ರಲ್ಲಿ ಇಬ್ಬರೂ ಪಾಲುದಾರರಾಗಿ ಸಂಸ್ಥೆ ನೋಂದಾಯಿಸಿ ಅರ್ಜಿಗೆ ಕೂತೆವು. ಮೊದಲ ಪ್ರಶ್ನೆ ಶುಲ್ಕದ್ದು. ಒಂದೇ ಜಿಲ್ಲೆಯಲ್ಲಿ ಕೆಲಸ ಮಾಡುವುದಾದರೆ 5,000 ರೂಪಾಯಿ, ಒಂದಕ್ಕಿಂತ ಹೆಚ್ಚು, ಐದು ಜಿಲ್ಲೆಗಳವರೆಗಾದರೆ 10,000, ಇಡೀ ರಾಜ್ಯಕ್ಕಾದರೆ 25,000. ಹುಬ್ಬಳ್ಳಿ-ಧಾರವಾಡ ಒಂದೇ ಸಾಕು ಎಂದು ನಾನು ಹೇಳಿದೆ. ಆದರೆ ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹವೊಂದರವರು, ಗದಗಿನ ಹತ್ತಿ ಜಿನ್ನಿಂಗ್ ಮಿಲ್ಲೊಂದರವರು ಆಗಲೇ ಕಾಕಾ ಅವರ ಬಳಿ ಜನ ಕೇಳಿದ್ದರು. 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ನಮ್ಮ ಕಡೆಯ ವ್ಯಾಪಾರಸ್ಥರು ಇಂದಿಗೂ ಮೂರನ್ನೂ ಒಂದೇ ಸೀಮೆ ಎಂದು ತಿಳಿದು ವ್ಯವಹಾರ ಮಾಡುತ್ತಾರೆ. ಲೈಸೆನ್ಸಿಗೆ ಮಾತ್ರ ಅವು ಮೂರು ಜಿಲ್ಲೆಗಳು. ಒಂದು ಜಿಲ್ಲೆಯ ಲೈಸೆನ್ಸ್ ಹಿಡಿದು ಬ್ಯಾಡಗಿಗೆ ಒಬ್ಬ ಕಾವಲುಗಾರನನ್ನು ಕಳಿಸಿದರೂ ತಪ್ಪಾಗುತ್ತದೆ ಎಂದು ವಕೀಲರು ಬಿಡಿಸಿ ಹೇಳಿದ ಮೇಲೆ 10,000 ರೂಪಾಯಿಯ ಅರ್ಜಿಯನ್ನೇ ಆರಿಸಿಕೊಂಡೆವು.

ಕಾಗದಗಳ ಪೈಕಿ ಪಾಲುದಾರಿಕೆ ಪತ್ರ, ಪ್ಯಾನ್, ಕಾರ್ಮಿಕ ಇಲಾಖೆಯ ನೋಂದಣಿ, ಕಚೇರಿಯ ಬಾಡಿಗೆ ಕರಾರು ಇವು ಓಡಾಟದ ಕೆಲಸಗಳಷ್ಟೆ. ತೂಕದ ಕಾಗದವೆಂದರೆ ಪ್ರಮಾಣಪತ್ರ. ಕಾಯ್ದೆಯ 6ನೇ ಕಲಮು ಯಾರಿಗೆ ಲೈಸೆನ್ಸ್ ಕೊಡಬಾರದೆಂದು ಹೇಳುತ್ತದೆ: ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯುಳ್ಳ ಅಪರಾಧದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದವರು, ನಿಷೇಧಿತ ಸಂಘಟನೆಗಳೊಂದಿಗೆ ನಂಟು ಇರುವವರು, ದುರ್ನಡತೆಗಾಗಿ ಸರ್ಕಾರಿ ಸೇವೆಯಿಂದ ವಜಾ ಆದವರು ಮುಂತಾಗಿ. ಇವು ಯಾವುವೂ ನಮಗೆ ಅನ್ವಯಿಸುವುದಿಲ್ಲವೆಂದು, ಕಾವಲುಗಾರರಿಗೆ ತರಬೇತಿ ಕೊಡಿಸುತ್ತೇವೆಂದು, ನಮ್ಮ ಮೇಲೆ ಠಾಣೆಯಲ್ಲಾಗಲಿ ನ್ಯಾಯಾಲಯದಲ್ಲಾಗಲಿ ಪ್ರಕರಣಗಳಿದ್ದರೆ ಅವು ಇಂಥವೆಂದು ಪ್ರಮಾಣ ಮಾಡಿ ಬರೆದುಕೊಡಬೇಕು. ನೋಟರಿಯವರ ಮುಂದೆ ಕಾಕಾ ಆ ಹಾಳೆಯನ್ನು ಒಂದೊಂದೇ ಸಾಲು ಬೆರಳಿಟ್ಟು ಓದಿಯೇ ಸಹಿ ಮಾಡಿದರು.

ನಾವು ಎಡವಿದ್ದು ಹೆಸರಿನಲ್ಲಿ. ಸೈನ್ಯದ ಡಿಸ್ಚಾರ್ಜ್ ಬುಕ್ಕಿನಲ್ಲಿ ಕಾಕಾ ಅವರ ಅಡ್ಡಹೆಸರು ಮೊದಲು ಬಂದಿತ್ತು, ಆಧಾರಿನಲ್ಲಿ ಕೊನೆಗೆ ಬಂದಿತ್ತು, ಪ್ಯಾನ್‌ನಲ್ಲಿ ತಂದೆಯ ಹೆಸರೂ ನಡುವೆ ಸೇರಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹುಟ್ಟಿದವರ ಅರ್ಧ ಕಾಗದಗಳು ಹೀಗೇ ಇರುತ್ತವೆ. ಮೂರೂ ಒಬ್ಬರೇ ಎಂದು ಮತ್ತೊಂದು ಪ್ರಮಾಣಪತ್ರ ಮಾಡಿಸುವವರೆಗೆ ಅರ್ಜಿ ಮುಂದೆ ಸಾಗಲಿಲ್ಲ. ಎಲ್ಲ ವಿವರ ಮತ್ತು ಶುಲ್ಕದೊಂದಿಗೆ ಅರ್ಜಿ ತಲುಪಿದ 60 ದಿನಗಳಲ್ಲಿ ಪ್ರಾಧಿಕಾರ ಲೈಸೆನ್ಸ್ ಕೊಡಬೇಕು ಅಥವಾ ನಿರಾಕರಿಸಬೇಕು ಎಂದು ಕಾಯ್ದೆಯಲ್ಲಿದೆ. ನಿರಾಕರಿಸುವ ಮುನ್ನ ಅರ್ಜಿದಾರರ ಮಾತು ಕೇಳಬೇಕು, ನಿರಾಕರಿಸಿದರೆ ಗೃಹ ಕಾರ್ಯದರ್ಶಿಯವರಲ್ಲಿ ಮೇಲ್ಮನವಿಗೂ ಅವಕಾಶವಿದೆ. ಆದರೆ ದಿನಗಳನ್ನು ಎಣಿಸುವವರು "ಎಲ್ಲ ವಿವರಗಳೊಂದಿಗೆ" ಎಂಬ ಮಾತನ್ನು ಮೊದಲು ಓದಿಕೊಳ್ಳಬೇಕು. ಹೊಸದಾಗಿ ಅರ್ಜಿ ಹಾಕುವವರಿಗೆ ನಾನು ಮೊದಲು ಹೇಳುವುದು, ನಿಮ್ಮ ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ಆಗಿದೆಯೇ ನೋಡಿಕೊಳ್ಳಿ ಎಂದು.

ಪೊಲೀಸ್ ಪರಿಶೀಲನೆಯೂ ಎರಡು ಕಡೆ ನಡೆಯಿತು. ಅವಳಿ ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಗೆ ಸೇರಿದರೆ, ಕಾಕಾ ಅವರ ಖಾಯಂ ವಿಳಾಸವಿದ್ದ ಹಳ್ಳಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ವ್ಯಾಪ್ತಿಗೆ ಸೇರುತ್ತದೆ. ಒಂದು ಸಂಜೆ ಪೇದೆಯೊಬ್ಬರು ನಮ್ಮ ಮನೆಗೆ ಬಂದು ನೆರೆಯವರನ್ನು ನನ್ನ ಬಗ್ಗೆ ವಿಚಾರಿಸಿದಾಗ ನನ್ನ ಅವ್ವ ಗಾಬರಿಯಾಗಿ ಒಳಗೆ ಕೂತುಬಿಟ್ಟಳು. ನನ್ನ ವರದಿ ಬೇಗ ಬಂತು. ಹಳ್ಳಿಯ ವರದಿಗೆ ಕಾಕಾ ಮೂರು ಸಲ ನವಲಗುಂದಕ್ಕೆ ಹೋಗಿ ಬಂದರು.

ತರಬೇತಿ ಸಂಸ್ಥೆಯೊಂದಿಗಿನ ಒಪ್ಪಂದವನ್ನೂ ಲಗತ್ತಿಸಬೇಕಾಗಿತ್ತು. ಈ ಹಂತದಲ್ಲಿ ಒಬ್ಬ ಮಧ್ಯವರ್ತಿ ನಮ್ಮನ್ನು ಹುಡುಕಿಕೊಂಡು ಬಂದರು. ಕಾವಲುಗಾರರ ಫೋಟೋ ಮತ್ತು ಆಧಾರ್ ನಕಲು ಕೊಟ್ಟರೆ ಸಾಕು, ತರಬೇತಿಯಿಲ್ಲದೆಯೇ ಪ್ರಮಾಣಪತ್ರ ಬರುತ್ತದೆ, ತಲೆಗೆ ಇಷ್ಟು ಎಂದರು. "ಎಲ್ಲಾರೂ ಹಿಂಗ ಮಾಡ್ತಾರ್ರಿ ಅಕ್ಕಾರ" ಎಂದೂ ಸೇರಿಸಿದರು. ನನ್ನ ಕಣ್ಣ ಮುಂದೆ ಅಜ್ಜನ ಅಂಗೈಗಳು ಬಂದವು. ಆ ಮಧ್ಯವರ್ತಿಯನ್ನು ಕಳಿಸಿಬಿಟ್ಟೆವು. ಈ ಕಸುಬಿನಲ್ಲಿ ನಡೆಯುವ ಅತಿ ದೊಡ್ಡ ಅನ್ಯಾಯ ಇದೇ ಎಂದು ನಾನು ನಂಬಿದ್ದೇನೆ. ಕಲಿಯದೆ ಸಿಕ್ಕ ಪ್ರಮಾಣಪತ್ರ ಏಜೆನ್ಸಿಗೆ ರಕ್ಷೆಯಾಗುತ್ತದೆ, ಬೆಂಕಿಯ ಮುಂದೆ ನಿಲ್ಲುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

2019ರ ಮಾರ್ಚ್‌ನಲ್ಲಿ ಐದು ವರ್ಷದ ಲೈಸೆನ್ಸ್ ಬಂತು. ಬಂದ ಮೇಲೆ ಆರು ತಿಂಗಳೊಳಗೆ ಕೆಲಸ ಶುರು ಮಾಡಲೇಬೇಕು. ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಅದನ್ನು ಪ್ರದರ್ಶಿಸಬೇಕು. ಕಾಕಾ ಅದನ್ನು ಬಾಗಿಲಿನ ಎದುರಿನ ಗೋಡೆಗೇ ಹಾಕಿಸಿದರು.

ಮೊದಲ ತಂಡದಲ್ಲಿ ಹದಿನಾಲ್ಕು ಜನ, ಅವರಲ್ಲಿ ಮೂವರು ಹೆಣ್ಣುಮಕ್ಕಳು. 18 ವರ್ಷ ತುಂಬಿರಬೇಕು, 65 ದಾಟಿರಬಾರದು. ಕೇಂದ್ರ ಸರ್ಕಾರದ ಆಗಿನ 2006ರ ಮಾದರಿ ನಿಯಮಗಳು ದೇಹದಾರ್ಢ್ಯದ ಅಳತೆಯನ್ನೂ ಹೇಳುತ್ತಿದ್ದವು: ಗಂಡಸರಿಗೆ 160 ಸೆಂಟಿಮೀಟರ್ ಎತ್ತರ, ಹೆಂಗಸರಿಗೆ 150, ಗಂಡಸರಿಗೆ 80 ಸೆಂಟಿಮೀಟರ್ ಎದೆಯಳತೆ, ಉಸಿರು ತುಂಬಿದಾಗ ಇನ್ನೂ 4 ಹಿಗ್ಗಬೇಕು, ಬಣ್ಣಗುರುಡು ಇರಬಾರದು, ಆರು ನಿಮಿಷದಲ್ಲಿ ಒಂದು ಕಿಲೋಮೀಟರ್ ಓಡಬೇಕು. ಓಟವನ್ನು ಬೆಳಗಿನ ಆರಕ್ಕೆ ನೆಹರೂ ಮೈದಾನದಲ್ಲಿ ಇಟ್ಟೆವು. ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಿದ್ದ ನಲವತ್ತರ ಒಬ್ಬರು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿ ಐದೂವರೆ ನಿಮಿಷಕ್ಕೆ ಮುಗಿಸಿದರು. ಇಪ್ಪತ್ತೆರಡರ ಹುಡುಗನೊಬ್ಬ ಅರ್ಧಕ್ಕೇ ಕೂತ. ಅವನನ್ನು ಹದಿನೈದು ದಿನ ಬಿಟ್ಟು ಮತ್ತೆ ಕರೆದೆವು.

ತರಬೇತಿ ಎಂದರೆ 100 ಗಂಟೆಯ ತರಗತಿ, 60 ಗಂಟೆಯ ಮೈದಾನದ ಅಭ್ಯಾಸ, ಕನಿಷ್ಠ 20 ಕೆಲಸದ ದಿನಗಳಿಗೆ ಹರಡಿದ್ದು. ಮಾಜಿ ಸೈನಿಕರಿಗೆ ಮತ್ತು ಮಾಜಿ ಪೊಲೀಸರಿಗೆ ಮಾತ್ರ ಇದನ್ನು 40 ಮತ್ತು 16 ಗಂಟೆಗೆ ಇಳಿಸಿ, ಏಳು ದಿನಗಳಲ್ಲಿ ಮುಗಿಸಲು ಅವಕಾಶವಿದೆ. ನಾವು ಒಪ್ಪಂದ ಮಾಡಿಕೊಂಡ ಸಂಸ್ಥೆಯ ಬೋಧಕರು ಹುಬ್ಬಳ್ಳಿಗೇ ಬಂದು ಕಲಿಸಿದರು. ಪಠ್ಯದಲ್ಲಿ ಸಮವಸ್ತ್ರ ಧರಿಸುವ ರೀತಿಯಿಂದ ಹಿಡಿದು ಜನಜಂಗುಳಿ ನಿಯಂತ್ರಣ, ಪ್ರಥಮ ಚಿಕಿತ್ಸೆ, ಸ್ಫೋಟಕ ಗುರುತಿಸುವುದು, ಠಾಣೆಯಲ್ಲಿ ಎಫ್‌ಐಆರ್ ಕೊಡುವ ಕ್ರಮ, ಪೊಲೀಸ್ ಮತ್ತು ಸೈನ್ಯದ ಹುದ್ದೆ ತೋರಿಸುವ ಬಿಲ್ಲೆಗಳನ್ನು ಗುರುತಿಸುವುದರವರೆಗೆ ಎಲ್ಲವೂ ಇದೆ. ಗುರುತಿನ ಚೀಟಿಗಳಲ್ಲಿ ಸಾಮಾನ್ಯವಾಗಿ ಬರುವ ಇಂಗ್ಲಿಷ್ ಅಕ್ಷರ, ಅಂಕಿಗಳನ್ನು ಓದಲು ಬರಬೇಕು ಎಂಬುದೂ ನಿಯಮ. ನಮ್ಮ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬರು ಏಳನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದರು. ಅವರು ಬಸ್ಸಿನಲ್ಲಿ ಕುಂದಗೋಳದಿಂದ ಬರುವ ದಾರಿಯಲ್ಲಿ ಲಾರಿಗಳ ನಂಬರ್ ಪ್ಲೇಟುಗಳನ್ನು ಓದಿ ವಹಿಯಲ್ಲಿ ಬರೆದುಕೊಂಡು ಬಂದು ಬೆಳಿಗ್ಗೆ ನನಗೆ ತೋರಿಸುತ್ತಿದ್ದರು. ಹತ್ತನೆಯ ದಿನದ ಹೊತ್ತಿಗೆ ಅವರಿಂದ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ.

ಕಾಕಾ ಹೆಚ್ಚು ಒತ್ತು ಕೊಟ್ಟದ್ದು ಕಾವಲುಗಾರನ ಅಧಿಕಾರದ ಮಿತಿಗೆ. ಕಾವಲುಗಾರ ಪೊಲೀಸನಲ್ಲ. ಎಲ್ಲ ನಾಗರಿಕರಿಗೂ ಇರುವಷ್ಟೇ ಹಕ್ಕು ಅವನಿಗೂ ಇದೆ. ತನ್ನ ಕಣ್ಣೆದುರೇ ಜಾಮೀನು ಸಿಗದ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ಮಾಡಿದವನನ್ನು ಹಿಡಿಯಬಹುದು, ಹಿಡಿದ ಮೇಲೆ ತಡಮಾಡದೆ ಪೊಲೀಸರಿಗೆ ಒಪ್ಪಿಸಬೇಕು. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 43ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಆರು ಗಂಟೆಗಳ ಗಡುವನ್ನೂ ಹಾಕಿದೆ. ಹಿಡಿದವನನ್ನು ಕೋಣೆಯಲ್ಲಿ ಕೂಡಿ ಹಾಕುವುದು, ಹೊಡೆಯುವುದು ಅಪರಾಧ. "ಧಣ್ಯಾರು ಹೊಡಿ ಅಂದ್ರೂ ಹೊಡೀಬ್ಯಾಡ್ರಿ, ಕೇಸ್ ಬೀಳೋದು ನಿಮ್ಮ ಮ್ಯಾಲ" ಎಂದು ಕಾಕಾ ಪ್ರತಿ ತಂಡಕ್ಕೂ ಹೇಳುತ್ತಾರೆ.

ಬೆಂಕಿಯ ಪಾಠದ ದಿನ ನಾನೂ ಹೋಗಿದ್ದೆ. ತಗಡಿನ ತಟ್ಟೆಯಲ್ಲಿ ಹಳೆಯ ಬಟ್ಟೆ, ಡೀಸೆಲ್ ಹಾಕಿ ಬೆಂಕಿ ಹಚ್ಚಿದರು. ಬೋಧಕರು ಒಮ್ಮೆ ಮಾಡಿ ತೋರಿಸಿ ಮುಗಿಸಲು ಹೊರಟಾಗ, ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಮಾಡಲಿ, ಸಿಲಿಂಡರ್ ಮತ್ತೆ ತುಂಬಿಸುವ ಖರ್ಚು ನಮ್ಮದು ಎಂದು ನಾನು ಕೇಳಿಕೊಂಡೆ. ಹದಿನಾಲ್ಕು ಜನರೂ ಸರದಿಯಲ್ಲಿ ಬಂದು ಸೀಲು ಹರಿದು, ಪಿನ್ ಎಳೆದು, ಕೊಳವೆಯ ಬಾಯಿಯನ್ನು ಜ್ವಾಲೆಯ ಬುಡಕ್ಕೆ ಹಿಡಿದು ಒತ್ತಿದರು. ಪಿನ್ ಮೊದಲ ಎಳೆತಕ್ಕೆ ಬರಲಿಲ್ಲವೆಂದು ಒಬ್ಬರು ಹಿಡಿಕೆಯನ್ನು ಒತ್ತಿ ಹಿಡಿದೇ ಎಳೆಯುತ್ತಿದ್ದರು. ಹಿಡಿಕೆ ಸಡಿಲ ಬಿಟ್ಟರೆ ಪಿನ್ ಸಲೀಸಾಗಿ ಬರುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಆಗ ತಿಳಿಯಿತು. ಹಣಕಾಸಿನ ದೃಷ್ಟಿಯಿಂದ ನಮ್ಮ ಮೊದಲ ತಿಂಗಳಿಗೆ ಅದು ಭಾರವೇ ಆಯಿತು. ಆದರೆ ಅಷ್ಟು ಸಾರ್ಥಕವಾದ ಇನ್ನೊಂದು ಖರ್ಚನ್ನು ನಾನು ಲೆಕ್ಕದ ಪುಸ್ತಕದಲ್ಲಿ ಬರೆದಿಲ್ಲ.

ಸಮವಸ್ತ್ರದ ವಿಷಯಕ್ಕೆ ಗಿರಾಕಿಗಳೊಂದಿಗೆ ಇಂದಿಗೂ ವಾದ ನಡೆಯುತ್ತದೆ. ಖಾಕಿ ಹಾಕಿಸಿ, ಸೈನ್ಯದ ಚುಕ್ಕೆ ಬಟ್ಟೆ ಹಾಕಿಸಿ, ಕಂಡರೆ ಜನ ಹೆದರಬೇಕು ಎನ್ನುತ್ತಾರೆ. ಸೈನ್ಯದ ಅಥವಾ ಪೊಲೀಸರ ಸಮವಸ್ತ್ರವನ್ನೋ ಅದರಂತೆ ಕಾಣುವುದನ್ನೋ ಕಾವಲುಗಾರ ತೊಟ್ಟರೆ ಅವನಿಗೂ ಏಜೆನ್ಸಿಯ ಮಾಲೀಕರಿಗೂ ಒಂದು ವರ್ಷದವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಾವು ಬೂದು ಅಂಗಿ, ನೀಲಿ ಪ್ಯಾಂಟು ಇಟ್ಟುಕೊಂಡಿದ್ದೇವೆ. ತೋಳಿಗೆ ಏಜೆನ್ಸಿಯ ಪಟ್ಟಿ, ಎಡ ಕಿಸೆಯಲ್ಲಿ ದಾರ ಕಟ್ಟಿದ ಸೀಟಿ, ಲೇಸು ಇರುವ ಬೂಟು, ಸೊಂಟದ ಮೇಲ್ಭಾಗದಲ್ಲಿ ಮುಂದೆ ಕಾಣುವಂತೆ ಭಾವಚಿತ್ರದ ಗುರುತಿನ ಚೀಟಿ, ಜೊತೆಗೆ ಒಂದು ನೋಟ್‌ಬುಕ್ಕು ಮತ್ತು ಪೆನ್ನು, ಇವಿಷ್ಟನ್ನೂ ನಿಯಮವೇ ಕಡ್ಡಾಯ ಮಾಡಿದೆ. ಬಟ್ಟೆ ಬಹಳ ಬಿಗಿಯೂ ಇರಬಾರದು, ಬಹಳ ಸಡಿಲವೂ ಇರಬಾರದು ಎಂದು ಕೂಡ ಬರೆದಿದ್ದಾರೆ. ನಿಯಮ ಬರೆದವರು ರಾತ್ರಿಯಿಡೀ ಗೇಟಿನ ಬಳಿ ನಿಲ್ಲುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾರೆ ಎಂದು ಆ ಸಾಲನ್ನು ಓದಿದಾಗ ನನಗೆ ಅನ್ನಿಸಿತು.

ಕಷ್ಟ ಉಳಿದಿರುವುದು ದರದಲ್ಲಿ. ಕನಿಷ್ಠ ವೇತನ, ಅದರ ಮೇಲೆ ಪ್ರತಿವರ್ಷ ಏಪ್ರಿಲ್ ಒಂದರಿಂದ ಬದಲಾಗುವ ತುಟ್ಟಿಭತ್ಯೆ, ಭವಿಷ್ಯನಿಧಿಗೆ ಮಾಲೀಕರ ಪಾಲು, ಇಎಸ್‌ಐಗೆ ಶೇಕಡಾ 3.25, ತರಬೇತಿ, ಬಟ್ಟೆ, ಹನ್ನೆರಡು ತಿಂಗಳಿಗೊಮ್ಮೆ ಮಾಡಿಸಬೇಕಾದ ವೈದ್ಯಕೀಯ ತಪಾಸಣೆ, ಇಷ್ಟನ್ನೂ ಸೇರಿಸಿ ನಾನು ದರ ಬರೆದುಕೊಟ್ಟರೆ, ಲೈಸೆನ್ಸ್ ಇಲ್ಲದವರ ದರ ಅದರ ಮೂರನೇ ಎರಡು ಪಾಲಿಗೆ ನಿಲ್ಲುತ್ತದೆ. ಅವರು ಹನ್ನೆರಡು ತಾಸಿನ ಪಾಳಿಗೆ ಎಂಟು ತಾಸಿನ ಪಗಾರ ಕೊಟ್ಟು ಅದನ್ನು ಸರಿದೂಗಿಸುತ್ತಾರೆ. ಮೊದಲ ವರ್ಷ ನಾವು ಕೇಳಿದ ದರಕ್ಕೆ ಹತ್ತರಲ್ಲಿ ಏಳು ಜನ ಬೇಡ ಎಂದರು. ಒಪ್ಪಿದವರಲ್ಲಿ ಬ್ಯಾಡಗಿಯ ಶೀತಲಗೃಹದವರು ಮೊದಲಿಗರು. ಅವರು ಕರಾರಿಗೆ ಮೊದಲು ಕಚೇರಿಗೆ ಬಂದು ಗೋಡೆಯ ಲೈಸೆನ್ಸಿನಲ್ಲಿ ಹಾವೇರಿ ಜಿಲ್ಲೆಯ ಹೆಸರಿದೆಯೇ ಎಂದು ಕನ್ನಡಕ ಏರಿಸಿಕೊಂಡು ಓದಿದರು. ಕಾವಲು ಬೇಕಾದವರೆಲ್ಲ ಇಷ್ಟು ಮಾಡಿದರೆ ಸಾಕು: ಲೈಸೆನ್ಸ್ ಓದಿ, ಅವಧಿ ಮತ್ತು ಜಿಲ್ಲೆ ನೋಡಿ, ನಿಮ್ಮ ಗೇಟಿಗೆ ಬಂದವರ ತರಬೇತಿ ಪ್ರಮಾಣಪತ್ರವನ್ನೂ ಇಎಸ್‌ಐ ನಂಬರನ್ನೂ ಕೇಳಿ.

2024ರಲ್ಲಿ ನವೀಕರಣ ಬಂತು. ಅವಧಿ ಮುಗಿಯುವುದಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹೋಗಬೇಕು. ನಾವು ಮೂರು ತಿಂಗಳು ಮೊದಲೇ ಸಿದ್ಧತೆ ಶುರು ಮಾಡಿದ್ದರಿಂದ ತೊಂದರೆಯಾಗಲಿಲ್ಲ. ಆ ನೆಪದಲ್ಲಿ ಐದು ವರ್ಷದ ರಿಜಿಸ್ಟರುಗಳನ್ನೆಲ್ಲ ಹೊರತೆಗೆದು ಒಂದೊಂದು ಭಾವಚಿತ್ರ, ಒಂದೊಂದು ಹೆಸರು ಸರಿಯಿದೆಯೇ ಎಂದು ಕಾಕಾ ಮತ್ತು ನಾನು ಎರಡು ರಾತ್ರಿ ಕೂತು ನೋಡಿದೆವು. ಅಜ್ಜನ ಮೊಮ್ಮಗ ಈಗ ನಮ್ಮಲ್ಲೇ ಮೇಲ್ವಿಚಾರಕ. ಗೃಹರಕ್ಷಕ ದಳದಲ್ಲಿ ನಾಲ್ಕು ವರ್ಷ ಇದ್ದು ಬಂದವನು. ಅಜ್ಜ ಆಗಾಗ ಕಚೇರಿಗೆ ಬಂದು ಚಹಾ ಕುಡಿದು ಹೋಗುತ್ತಾರೆ. ಬಲಗೈಯ ಬೆರಳುಗಳು ಪೂರ್ತಿ ಮಡಚುವುದಿಲ್ಲವಾದ್ದರಿಂದ ಅವರಿಗೆ ಕಪ್ಪಿನಲ್ಲಲ್ಲ, ಸ್ಟೀಲಿನ ಲೋಟದಲ್ಲಿ ಕೊಡುತ್ತೇವೆ.

ಕಾವಲುಗಾರರ ಪೊಲೀಸ್ ಪರಿಶೀಲನಾ ವರದಿ ಮೂರು ವರ್ಷಕ್ಕೆ ಮುಗಿಯುತ್ತದೆ. ಈ ತಿಂಗಳು ಬ್ಯಾಡಗಿಯಲ್ಲಿರುವ ಇಬ್ಬರದು, ಗದಗಿನಲ್ಲಿರುವ ಒಬ್ಬರದು ಮುಗಿಯಲಿದೆ. ಮೂವರ ಕಡತ ಮೇಜಿನ ಮೇಲಿದೆ, ಫೋಟೋ ಹೊಸದು ತೆಗೆಸಿ ಕಳಿಸಲು ನಿನ್ನೆಯೇ ಹೇಳಿದ್ದೇನೆ.